ಕಣಜದ ಮೇಲೇಕೆ ಇಷ್ಟು ಹಗೆ?

ಸಂಕ್ರಾಂತಿಯ ಹಿಂದುಮುಂದಿನ ಚಳಿಯಲ್ಲಿ ನಮ್ಮ ಕಡೆ ಮನೆಮನೆಯಲ್ಲೂ ಒಂದು ಕೊಲೆ ನಡೆಯುತ್ತದೆ. ಮಾಡುವವರು ನಾವೇ, ಗೃಹಿಣಿಯರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಯಾವ ಊರಿಗಾದರೂ ಹೋಗಿ ನೋಡಿ. ಕಲ್ಲಿನ ಮಾಳಿಗೆಯ ಸಂದಿಯಿಂದಲೋ ಕೌದಿಯ ಗಂಟಿನಿಂದಲೋ ಚಳಿಗೆ ಮರಗಟ್ಟಿದ ಕಣಜವೊಂದು ಹೊರಬರುತ್ತದೆ. ಕಿಟಕಿಯ ಬಿಸಿಲಿಗೆ ಮೈಯೊಡ್ಡಿ ಮೆಲ್ಲಗೆ ರೆಕ್ಕೆ ಅಲುಗಿಸುತ್ತದೆ. ಅಷ್ಟಕ್ಕೇ ನಾವು ಔಷಧದ ಡಬ್ಬಿ ಹಿಡಿದು ನಿಲ್ಲುತ್ತೇವೆ.

ನಾನೂ ಹಾಗೆ ನಿಂತವಳೇ. "ಬಿಸಿಲ ಏರಿದ ಮ್ಯಾಲ ತಾನ ಹೋಗ್ತದ, ಬಿಡವಾ" ಎಂದು ಅತ್ತೆಯವರು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಅಡುಗೆಮನೆಯ ಕದ ಮುಚ್ಚಿ, ಡಬ್ಬಿ ಅರ್ಧ ಖಾಲಿಯಾಗುವವರೆಗೆ ಹೊಡೆದೆ. ಕಣಜ ಸತ್ತಿತು. ಕಲ್ಲುಗಣಿಯ ಧೂಳಿಗೇ ಏದುಸಿರು ಬಿಡುವ ನನ್ನ ಮಗಳು ಅಂದು ರಾತ್ರಿ ಉಸಿರಿಗಾಗಿ ಒದ್ದಾಡಿದಳು. ಬೆಳಗಾಗುವ ತನಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಕಚ್ಚದ ಹುಳಕ್ಕೆ ಹೆದರಿ ನನ್ನ ಕೂಸಿಗೆ ನಾನೇ ವಿಷ ಉಣಿಸಿದ್ದೆ.

ರಾಣಿ ಕಣಜ ಮನೆಯಲ್ಲಿ ಅಡಗಿ ಮಲಗುತ್ತದೆ, ಎದ್ದಿತೆಂದರೆ ಮನೆ ತುಂಬ ಗೂಡು ಎಂದು ಹೆದರಿಸುವವರಿದ್ದಾರೆ. ಅಡಗಿ ಮಲಗುವುದು ಇಂಗ್ಲೆಂಡಿನಂಥ ಚಳಿನಾಡಿನ ಮಾತು. ಚಳಿಗಾಲ ಬರುವ ಹೊತ್ತಿಗೆ ಅಲ್ಲಿ ಹಳೆಯ ರಾಣಿ, ಕೆಲಸದ ಕಣಜಗಳು ಎಲ್ಲ ಸಾಯುತ್ತವೆ. ಎಳೆಯ ರಾಣಿಯರು ಮಾತ್ರ ಅಟ್ಟದಲ್ಲೋ ಪರದೆಯ ಮಡಿಕೆಯಲ್ಲೋ ನಿದ್ರಿಸಿ ಉಳಿಯುತ್ತಾರೆ. ಮನೆಯೊಳಗಿನ ಬಿಸಿಗೆ ಹೊತ್ತಿಗೆ ಮುಂಚೆ ಎಚ್ಚರವಾದರೆ, ಹೊರಗೆ ತಿನ್ನಲು ಏನೂ ಸಿಗದೆ ಪಾಪ, ಅವೂ ಸಾಯುತ್ತವೆ.

ನಮ್ಮ ದಕ್ಷಿಣದ ಕಣಜಗಳ ಬಾಳು ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗಕರ್ ಅವರು ದಶಕಗಟ್ಟಲೆ ಅಭ್ಯಾಸ ಮಾಡಿ, 2001ರಲ್ಲಿ ಪುಸ್ತಕವನ್ನೇ ಬರೆದ ಕಂದು ಕಣಜ ರೋಪಾಲಿಡಿಯಾ ಮಾರ್ಜಿನೇಟಾ ವರ್ಷವಿಡೀ ಗೂಡು ಕಟ್ಟುತ್ತದೆ. ಅದರ ರಾಣಿ ಯಾರ ಮೇಲೂ ಜೋರು ಮಾಡದ ಸೌಮ್ಯ ಜೀವ. ನಮ್ಮ ಕಿಟಕಿಗೆ ಬಂದದ್ದು ರಾಣಿಯೇ ಇರಲಿ, ಆಳೇ ಇರಲಿ, ಅದಕ್ಕೆ ಬೇಕಾದದ್ದು ಒಂದಿಷ್ಟು ಬಿಸಿಲು.

ನಮ್ಮ ಜಿಲ್ಲೆಯನ್ನು ತೊಗರಿಯ ಕಣಜ ಎನ್ನುತ್ತೇವೆ. 2019ರಲ್ಲಿ ಕಲಬುರಗಿ ತೊಗರಿಬೇಳೆಗೆ ಜಿಐ ಮಾನ್ಯತೆ ಸಿಕ್ಕಾಗ ಹಿಗ್ಗಿದೆವು. ಆ ಕಣಜದ ಕಾಳು ತಿನ್ನಲು ಬರುವ ಹುಳುಗಳನ್ನು ಹಿಡಿದು, ಅಗಿದು, ತನ್ನ ಮರಿಗಳಿಗೆ ಉಣಿಸುವುದು ಈ ಕಣಜ. ಇದೊಂದರಿಂದಲೇ ಹೊಲ ಉಳಿದೀತು ಎನ್ನುವಷ್ಟು ಮುಗ್ಧೆ ನಾನಲ್ಲ. ಆದರೆ ಹೊಲದಲ್ಲೂ ವಿಷ, ಅಡುಗೆಮನೆಯಲ್ಲೂ ವಿಷ ಎಂದರೆ, ತಾಯಂದಿರೇ, ಕೊನೆಗೆ ಉಣ್ಣುವವರು ಯಾರು?

"ಕಚ್ಚಿದರೇನು ಮಾಡೋಣ?" ಎಂದು ಕೇಳುತ್ತೀರಿ. ನಿಜ, ಕಚ್ಚುತ್ತದೆ; ಜೇನುಹುಳದಂತೆ ಕೊಂಡಿ ಕಳೆದುಕೊಳ್ಳದೆ ಮತ್ತೆಮತ್ತೆ ಕಚ್ಚಬಲ್ಲದು. ಕೆಲವರಿಗೆ ಮುಖ ಊದಿ ಉಸಿರು ಕಟ್ಟುತ್ತದೆ. ಅಂಥವರನ್ನು ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಾಗಿಲ ಮೇಲೆಯೇ ಗೂಡಿದ್ದರೆ ಬಲ್ಲವರಿಂದ ತೆಗೆಸಿ, ಬೇಡ ಎನ್ನುವುದಿಲ್ಲ. ಆದರೆ ಕಿಟಕಿಯಲ್ಲಿ ಬಿಸಿಲು ಕಾಯಿಸುವ ಒಂಟಿ ಹುಳಕ್ಕೆ ಅರ್ಧ ಡಬ್ಬಿ ವಿಷವೇಕೆ?

ಈಗ ನಾನು ಅದರ ಮೇಲೆ ಗಾಜಿನ ಗ್ಲಾಸು ಮಗುಚಿ, ಅಡಿಗೆ ಹಳೆಯ ಲಗ್ನಪತ್ರಿಕೆ ಸರಿಸಿ, ಅಂಗಳಕ್ಕೆ ಒಯ್ದು ಬಿಡುತ್ತೇನೆ. ಪತ್ರಿಕೆ ಹಿಡಿದುಕೊಳ್ಳುವವಳು ನನ್ನ ಮಗಳು.