ದೂರದ ಒದೆತವೋ, ಹತ್ತಿರದ ಪಾಸೋ?



ಹಿರಿಯರ ಜಗಳವನ್ನು ಕಿರಿಯರ ಮುಂದೆ ಇಡಬಾರದೆಂಬುದು ಹಳೆಯ ಮರ್ಯಾದೆ. ಆದರೆ ಈ ಜಗಳವು ನಿಮ್ಮ ಆಟವನ್ನೇ ಕುರಿತದ್ದು. ನಿಮ್ಮ ಕಿವಿಗೆ ಬೀಳುವಂತೆಯೇ ನಡೆಯುವಂಥದು. ಆದುದರಿಂದ ಮುಚ್ಚಿಟ್ಟು ಫಲವಿಲ್ಲ.

ನನ್ನ ಮಗಳು ಹದಿಮೂರು ವರುಷದೊಳಗಿನ ಬಾಲಕಿಯರ ಒಂದು ಫುಟ್‌ಬಾಲ್ ತಂಡದಲ್ಲಿ ಗೋಲ್‌ಕೀಪರ್. ಕಲ್ಯಾಣ, ಡೊಂಬಿವಲಿ, ಠಾಣೆಗಳ ಹುಡುಗಿಯರು ಕೂಡಿದ ತಂಡ ಅದು. ಪಂದ್ಯಗಳು ಹೆಚ್ಚಾಗಿ ನಡೆಯುವುದು ನವಿ ಮುಂಬಯಿಯಲ್ಲಿ. ಭಾನುವಾರ ನಸುಕಿನಲ್ಲೆದ್ದು, ಲೋಕಲ್ ಹಿಡಿದು ಠಾಣೆಗೆ ಬಂದು, ಅಲ್ಲಿ ನೆರೂಳಿನ ಗಾಡಿ ಹತ್ತಿ, ಏಳು ಗಂಟೆಯೊಳಗೆ ಮೈದಾನ ಸೇರಬೇಕು. ಹುಡುಗಿಯರ ಹಿಂದೆ ನೀರಿನ ಬಾಟಲಿ, ಅವಲಕ್ಕಿಯ ಡಬ್ಬಿ ಹೊತ್ತ ಪಾಲಕರು. ಗಾಡಿಯಲ್ಲಿ ನಾವೆಲ್ಲರೂ ಬಲು ಅನ್ಯೋನ್ಯ. ಸೀಟಿ ಊದಿದೊಡನೆ ಎರಡು ಪಕ್ಷ.

ಮೊಮ್ಮಗಳ ಆಟ ನೋಡಲು ಬರುವ ಧಾರವಾಡ ಕಡೆಯ ಹಿರಿಯರೊಬ್ಬರು ಒಂದು ಪಕ್ಷದ ಮುಂದಾಳು. “ಒದಿ ಮುಂದಕ! ಮನಿ ಬಾಗಲದಾಗ ಚೆಂಡು ಇಟಗೊಂಡು ಯಾಕ ನಿಂತಿ?” ಎಂದು ಅವರ ಗರ್ಜನೆ. ಇನ್ನೊಂದು ಪಕ್ಷಕ್ಕೆ ಉಡುಪಿ ಕಡೆಯ ತಾಯಿಯೊಬ್ಬರು. “ಹತ್ತಿರ ಕೊಡು ಮಾರಾಯ್ತಿ, ಪಕ್ಕದಲ್ಲೇ ಇದ್ದಾಳಲ್ಲ!” ಎಂದು ಅವರ ಕೂಗು. ಮರಾಠಿ, ಹಿಂದಿ ಮಾತಾಡುವ ಪಾಲಕರೂ ಇದೇ ರೀತಿ ಹಂಚಿಹೋಗಿರುವರು. ನಾನಾದರೋ ಧಾರವಾಡದವರ ಪಕ್ಷ. ಗೋಲ್‌ಕೀಪರಳ ತಂದೆಗೆ ಚೆಂಡು ಮಗಳಿಂದ ದೂರವಿದ್ದಷ್ಟೂ ನೆಮ್ಮದಿ.

ಈ ಜಗಳದ ಬೇರು ಆಟದ ನಿಯಮದಲ್ಲಿಯೇ ಇದೆ. 1992ರ ಮುಂಚೆ ತನ್ನವರು ಹಿಂದಕ್ಕೆ ಒದ್ದು ಕೊಟ್ಟ ಚೆಂಡನ್ನು ಗೋಲ್‌ಕೀಪರ್ ಕೈಯಿಂದ ಎತ್ತಿಕೊಳ್ಳಬಹುದಾಗಿತ್ತು. ಆ ವರುಷ ಅದು ನಿಷಿದ್ಧವಾಯಿತು. ಅಂದಿನಿಂದ ಗೋಲ್‌ಕೀಪರ್ ಕಾಲಿನ ಆಟವನ್ನೂ ಕಲಿಯಬೇಕಾಗಿ ಬಂತು. 2019ರಲ್ಲಿ ಇನ್ನೊಂದು ಬದಲಾವಣೆ: ಗೋಲ್ ಕಿಕ್ಕಿನ ಚೆಂಡು ಪೆನಾಲ್ಟಿ ಅಂಗಳವನ್ನು ದಾಟುವ ತನಕ ಕಾಯಬೇಕಾದ್ದಿಲ್ಲ, ಒಳಗೇ ನಿಂತ ಜೊತೆಗಾತಿ ಅದನ್ನು ತೆಗೆದುಕೊಳ್ಳಬಹುದು. ಹೀಗಾಗಿ ಗೋಲಿನ ಬಾಯಿಂದಲೇ ಸಣ್ಣ ಸಣ್ಣ ಪಾಸುಗಳಿಂದ ಆಟ ಕಟ್ಟುವ ಪದ್ಧತಿಗೆ ಬಲ ಬಂತು. ನಮ್ಮ ಕೋಚರು ಕಲಿಸುವುದೂ ಇದನ್ನೇ.

ಕಳೆದ ಮಳೆಗಾಲದ ಕೊನೆಯ ಒಂದು ಪಂದ್ಯದಲ್ಲಿ ಮಗಳು ಕಲಿತಂತೆಯೇ ಚೆಂಡನ್ನು ಪಕ್ಕದ ರಕ್ಷಕಿಗೆ ತಳ್ಳಿದಳು. ಚೆಂಡು ಕೆಸರಿನಲ್ಲಿ ನಿಂತುಬಿಟ್ಟಿತು. ಎದುರಾಳಿ ಓಡಿ ಬಂದಳು, ಗೋಲಾಯಿತು, ಪಂದ್ಯ ಹೋಯಿತು. ಗೆರೆಯಾಚೆಯಿಂದ ಎಷ್ಟು ಮಾತುಗಳು ಅವಳ ಮೇಲೆ ಬಿದ್ದುವೋ! ಅವುಗಳಲ್ಲಿ ಜೋರಾದದ್ದು ನನ್ನದೇ ಆಗಿತ್ತೆಂದು ಬರೆಯಲು ನಾಚಿಕೆಯಾಗುವುದು.

ಮುಂದಿನ ಭಾನುವಾರ ಅವಳು ಬಂದ ಚೆಂಡನ್ನೆಲ್ಲ ಕಣ್ಣುಮುಚ್ಚಿ ಮುಂದಕ್ಕೊದ್ದಳು. ನಾವು ಎರಡು ಗೋಲುಗಳಿಂದ ಗೆದ್ದೆವು. ಮರಳುವಾಗ ಗಾಡಿಯಲ್ಲಿ ನಾನು ಹಿಗ್ಗಿ ಹೊಗಳುತ್ತಲಿದ್ದೆ. ಅವಳು ಕಿಟಕಿಯ ಹೊರಗೆ ನೋಡುತ್ತ, “ಅಪ್ಪಾ, ಇವತ್ತು ನಾನು ಯಾರು ಎಲ್ಲಿದ್ದಾರೆ ಅಂತ ಒಂದು ಸಲವೂ ನೋಡಲಿಲ್ಲ” ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಗೆದ್ದದ್ದು ಹೇಗೆಂದು ಶಾಂತವಾಗಿ ಯೋಚಿಸಿದೆ. ನಾವು ಆಡುವ ಮೈದಾನದಲ್ಲಿ ಇರುವುದು ದೊಡ್ಡವರ ಗೋಲು: ಅಗಲ 7.32 ಮೀಟರು, ಎತ್ತರ 2.44 ಮೀಟರು. ಹನ್ನೆರಡರ ಹುಡುಗಿ ಕೈಯೆತ್ತಿ ನೆಗೆದರೂ ಅಡ್ಡಪಟ್ಟಿ ಅವಳಿಗೆ ಎಟುಕದು. ಮೇಲಿನಿಂದ ಬಂದ ಚೆಂಡು ಅವಳ ತಲೆಯ ಮೇಲೆ ಹಾದು ಒಳಗೆ ಬಿದ್ದರೆ ಒದ್ದವಳ ಜಾಣ್ಮೆ ಎಷ್ಟು, ಗೋಲಿನ ಎತ್ತರವೆಷ್ಟು? ಮತ್ತೊಂದು ಸಂಗತಿ. ಹೆಣ್ಣುಮಕ್ಕಳು ಗಂಡುಹುಡುಗರಿಗಿಂತ ಸುಮಾರು ಎರಡು ವರುಷ ಮೊದಲೇ, ಹನ್ನೊಂದು ಹನ್ನೆರಡರ ಸುಮಾರಿಗೆ, ಥಟ್ಟನೆ ಎತ್ತರವಾಗುವರು; ಆದರೆ ಎಲ್ಲರೂ ಒಂದೇ ಸಲಕ್ಕಲ್ಲ. ಮೊದಲು ಬೆಳೆದವಳ ಕಾಲಿನಲ್ಲಿ ಬಲವಿರುವುದು. ಅವಳನ್ನು ಮುಂದೆ ನಿಲ್ಲಿಸಿ, ಅವಳ ಕಡೆಗೇ ಚೆಂಡನ್ನು ಹಾರಿಸಿದರೆ ಹದಿಮೂರರೊಳಗಿನ ಪಂದ್ಯಗಳನ್ನು ಗೆಲ್ಲುವುದು ಸುಲಭ. ಹದಿನಾರಾಗುವಷ್ಟರಲ್ಲಿ ಉಳಿದವರೂ ಬೆಳೆದಿರುತ್ತಾರೆ. ಆಗ ಓಟವೊಂದನ್ನೇ ಕಲಿತವಳು ಏನು ಮಾಡಬೇಕು?

ಇನ್ನು ನಡುವಿನ ಹುಡುಗಿಯರು. ನಮ್ಮ ತಂಡದಲ್ಲಿ ಕಲ್ಯಾಣದಿಂದ ಬರುವ ಗಿಡ್ಡ ಹುಡುಗಿಯೊಬ್ಬಳಿದ್ದಾಳೆ. ನಾಲ್ಕೂವರೆಗೆ ಎದ್ದು ಬಂದವಳು ಆ ಗೆದ್ದ ಪಂದ್ಯದಲ್ಲಿ ಚೆಂಡು ತನ್ನ ತಲೆಯ ಮೇಲೆ ಹೋಗಿಬರುವುದನ್ನು ಕತ್ತೆತ್ತಿ ನೋಡುತ್ತಿದ್ದಳು. ಹೆಣ್ಣುಮಕ್ಕಳ ಆಟವನ್ನು ಬಿಡಿಸಲು ನಮ್ಮ ಮನೆಗಳಲ್ಲಿ ನೆಪಗಳಿಗೆ ಬರವಿಲ್ಲ: ಪರೀಕ್ಷೆ, ಬಿಸಿಲು, ದೂರ. ಚೆಂಡೇ ಸಿಗದ ಹುಡುಗಿ ಆ ನೆಪಗಳಿಗೆ ಎಷ್ಟು ದಿನ ಎದುರು ನಿಂತಾಳು?

ನಮ್ಮ ನೆರೂಳಿನ ಡಿ. ವೈ. ಪಾಟೀಲ ಕ್ರೀಡಾಂಗಣದಲ್ಲಿಯೇ 2022ರ ಅಕ್ಟೋಬರ್ 30ರಂದು ಹದಿನೇಳು ವರುಷದೊಳಗಿನ ಬಾಲಕಿಯರ ವಿಶ್ವಕಪ್ಪಿನ ಅಂತಿಮ ಪಂದ್ಯ ನಡೆಯಿತು. ಹತ್ತಿರದ ಪಾಸಿಗೆ ಹೆಸರಾದ ಸ್ಪೇನ್ ಕೊಲಂಬಿಯವನ್ನು 1–0ರಿಂದ ಸೋಲಿಸಿತು. ಆ ಪಂದ್ಯವನ್ನು ಇಂದಿಗೂ ಎರಡೂ ಪಕ್ಷದವರು ತಮ್ಮ ಸಾಕ್ಷಿಯೆಂದು ಕರೆಯುವರು. “ಪಾಸಿನ ಆಟವೇ ಗೆದ್ದಿತಲ್ಲ” ಎಂದು ಒಬ್ಬರು. “ಗೋಲಾದದ್ದು ಹ್ಯಾಂಗ? 82ನೇ ಮಿನಿಟಿನಾಗ ಕೊಲಂಬಿಯದಾಕಿ ತನ್ನ ಗೋಲಿನಾಗ ತಾನs ಚೆಂಡು ಹಾಕಿದಳು. ಬಾಗಲದ ಮುಂದ ಚೆಂಡು ಬಂದರ ಹಿಂಗs” ಎಂದು ಇನ್ನೊಬ್ಬರು. ಒಂದೇ ಗೋಲಿನಿಂದ ಇಬ್ಬರಿಗೂ ಬೇಕಾದ ಪಾಠ!

ಆದರೆ ಅದೇ ವಿಶ್ವಕಪ್ಪಿನಲ್ಲಿ ನಮ್ಮ ದೇಶದ ಬಾಲಕಿಯರಿಗೆ ಆದದ್ದನ್ನು ಯಾರೂ ಎತ್ತುವುದಿಲ್ಲ. ಭುವನೇಶ್ವರದಲ್ಲಿ ಅಮೆರಿಕಕ್ಕೆ 0–8, ಮೊರಾಕ್ಕೊಗೆ 0–3, ಬ್ರೆಜಿಲಿಗೆ 0–5. ಆ ಹುಡುಗಿಯರಲ್ಲಿ ಧೈರ್ಯಕ್ಕೆ ಕೊರತೆಯಿರಲಿಲ್ಲ. ಚೆಂಡು ಕಾಲಿಗೆ ಬಂದಾಗ ಎದುರಾಳಿ ಮೈಮೇಲೆ ಬೀಳುವ ಮೊದಲು ಎಲ್ಲಿಗೆ ಕೊಡಬೇಕೆಂದು ಕಾಣುವ ಕಣ್ಣು ಚಿಕ್ಕಂದಿನಿಂದ ಬೆಳೆಯಬೇಕು; ಅದಕ್ಕೆ ಹತ್ತು ಹನ್ನೆರಡರ ವಯಸ್ಸಿನಲ್ಲಿ ತಪ್ಪಲು ಅವಕಾಶ ಬೇಕು. 2025ರ ಅಕ್ಟೋಬರಿನಲ್ಲಿ ಬಿಷ್ಕೆಕ್ ನಗರದಲ್ಲಿ ಇದೇ ವಯೋಮಾನದ ನಮ್ಮ ತಂಡವು ಮೊದಲು ಒಂದು ಗೋಲು ಹಿಂದೆ ಬಿದ್ದೂ ಉಜ್ಬೇಕಿಸ್ತಾನವನ್ನು 2–1ರಿಂದ ಸೋಲಿಸಿ, 2026ರ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತೆಂಬುದನ್ನೂ ಇಲ್ಲಿಯೇ ಹೇಳಬೇಕು.

ಹಾಗಾದರೆ ದೂರದ ಒದೆತ ಪಾಪವೇ? ಖಂಡಿತ ಅಲ್ಲ. ಕೆಸರಿನ ಮೈದಾನದಲ್ಲಿಯೂ ಸಣ್ಣ ಪಾಸೇ ಆಗಬೇಕೆಂಬ ಕೋಚರ ಹಟವನ್ನು ನಾನು ಒಪ್ಪಲಾರೆ. ಚೆಂಡು ನಿಲ್ಲುವ ನೆಲದಲ್ಲಿ ಅದನ್ನು ಗಾಳಿಗೆ ಕೊಡುವುದೇ ಬುದ್ಧಿವಂತಿಕೆ. ನನ್ನ ತಕರಾರು ನೋಡದೆ ಒದೆಯುವುದರ ಮೇಲೆ. ಅದಕ್ಕಿಂತ ಹೆಚ್ಚಾಗಿ, ಹುಡುಗಿ ನೋಡುವ ಮೊದಲೇ ಅವಳ ಪರವಾಗಿ ನೋಡಿ ಕೂಗುವ ನಮ್ಮ ಮೇಲೆ. ಇಂಥ ಕಡೆ ಕೊಡೆಂದು ಕೂಗುವವರೂ ಒದಿಯೆಂದು ಕೂಗುವವರೂ ಒಂದೇ ತಪ್ಪನ್ನು ಮಾಡುತ್ತಿರುವರು.

ದೀಪಾವಳಿಯ ತರುವಾಯದ ಪಂದ್ಯಕ್ಕೆ ಕೋಚರು ನಮ್ಮೆಲ್ಲರನ್ನೂ ಮೈದಾನದ ಆಚೆ ಬದಿಗೆ ಅಟ್ಟಿ, ಚಪ್ಪಾಳೆಯ ಹೊರತು ಬೇರೆ ಸದ್ದು ಕೂಡದೆಂದರು. ಧಾರವಾಡದ ಹಿರಿಯರು ಬಾಯಿಗೆ ಅಡಿಕೆ ಹಾಕಿಕೊಂಡು ಕುಳಿತರು. ನೆಲ ಒಣಗಿತ್ತು. ಮೊದಲ ಪಾಸು ತಪ್ಪಿತು. ಎರಡನೆಯದು ಕಲ್ಯಾಣದ ಹುಡುಗಿಯನ್ನು ಮುಟ್ಟಿತು. ಇಪ್ಪತ್ತು ನಿಮಿಷದ ಮೇಲೆ ಚೆಂಡು ಮಗಳ ಕಾಲಿಗೆ ಬಂತು. ಅವಳು ತಲೆಯೆತ್ತಿದಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಎದುರಾಳಿ ಹತ್ತಿರವಾಗುತ್ತಿದ್ದಳು, ನಾನು ನಾಲಗೆ ಕಚ್ಚಿಕೊಂಡೆ. ದೂರದ ಎಡಮೂಲೆಯಲ್ಲಿ ಒಬ್ಬಳೇ ನಿಂತಿದ್ದ ಹುಡುಗಿಗೆ ಅವಳು ಚೆಂಡನ್ನು ಎತ್ತಿ ಒದ್ದಳು. ಅದು ನೇರ ಆಕೆಯ ಮುಂದೆಯೇ ಇಳಿಯಿತು.

“ನಾ ಹೇಳಿದ್ದಿಲ್ಲೇನು?” ಎಂದು ಹಿರಿಯರು ಎದ್ದು ನಿಂತರು.

“ಅದೂ ಪಾಸೇ ಅಲ್ವಾ ಅಜ್ಜಾ, ನೋಡಿಯೇ ಕೊಟ್ಟಳು” ಎಂದರು ಉಡುಪಿಯ ತಾಯಿ.