ಗೆದ್ದವನಷ್ಟೇ ನಾಯಕನೇ?

‘ಪಂಪಭಾರತದ ನಾಯಕ ಯಾರು?’ ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅರ್ಜುನ ಎಂದು ಗುರುತು ಹಾಕಿದರೆ ಒಂದು ಅಂಕ ಸಿಗುತ್ತದೆ. ಆದರೆ 941ರಲ್ಲಿ ಆ ಕಾವ್ಯ ಬರೆದ ಪಂಪ, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡರೂ ಮನಸ್ಸು ಕೊಟ್ಟದ್ದು ಸೋತ ಕರ್ಣನಿಗೆ. ರನ್ನನೂ ಅಷ್ಟೆ, ‘ಗದಾಯುದ್ಧ’ದಲ್ಲಿ ಭೀಮನನ್ನು ನಾಯಕನಾಗಿಸಿ, ದುರ್ಯೋಧನನ ದುಃಖವನ್ನು ನಮ್ಮೆದೆಗೆ ಇಳಿಸಿದ.

ಎರಡು ಬಾರಿ ಪರೀಕ್ಷೆಯಲ್ಲಿ ಸೋತು ಊರಿಗೆ ಮರಳಿದಾಗ ನನಗೆ ಇದರ ಅರ್ಥವಾಯಿತು. ಕರ್ಣನನ್ನು ನಾವು ಅನುಕರಿಸಬೇಕಿಲ್ಲ. ಅವನು ತಪ್ಪಿನ ಪಕ್ಷದಲ್ಲಿ ನಿಂತವನು. ಆದರೆ ಕೃಷ್ಣ ರಾಜ್ಯವನ್ನೇ ಮುಂದಿಟ್ಟರೂ ಅನ್ನದ ಋಣ ಮರೆಯಲಿಲ್ಲ. ‘ನಾನಾಗಿದ್ದರೆ ಏನು ಮಾಡುತ್ತಿದ್ದೆ?’ ಎಂದು ನಮ್ಮನ್ನೇ ಕೇಳಿಕೊಳ್ಳುವಂತೆ ಮಾಡುವುದೇ ಕಾವ್ಯನಾಯಕನ ಕೆಲಸ.

ನಮ್ಮೂರು ಶಿಕಾರಿಪುರ ತಾಲ್ಲೂಕಿನ ಬಂದಳಿಕೆ. ಪಂಪನಿಗಿಂತ ಮೊದಲೇ, ಹತ್ತನೇ ಶತಮಾನದ ಆರಂಭದಲ್ಲಿ, ನಾಗರಖಂಡ ಎಪ್ಪತ್ತನ್ನು ಆಳಿದ ಜಕ್ಕಿಯಬ್ಬೆಯ ಕಥೆಯನ್ನು ಇಲ್ಲಿನ ಶಾಸನ ಹೇಳುತ್ತದೆ. ಗಂಡ ತೀರಿಕೊಂಡ ಮೇಲೆ ನಾಡಿನ ಹೊಣೆ ಹೊತ್ತಳು. ಕಾಯಿಲೆ ಬಿದ್ದಾಗ ಈ ಊರಿಗೇ ಬಂದು ಸಲ್ಲೇಖನ ಕೈಗೊಂಡಳು. ಅವಳನ್ನು ನಾಯಕಿಯಾಗಿಸಿ ಪಂಪ ಕಾವ್ಯ ಬರೆಯಲಿಲ್ಲ. ಆದರೂ ‘ನಾನಾಗಿದ್ದರೆ?’ ಎಂಬ ಅದೇ ಪ್ರಶ್ನೆಯನ್ನು ಅವಳ ಕಲ್ಲೂ ಕೇಳುತ್ತದೆ.

ಗೆಳೆಯರೇ, ಪರೀಕ್ಷೆಯಲ್ಲಿ ಅರ್ಜುನ ಎಂದೇ ಗುರುತು ಹಾಕಿ. ಫಲಿತಾಂಶದ ಪಟ್ಟಿಯಲ್ಲಿ ಹೆಸರಿಲ್ಲದ ದಿನ ಕರ್ಣನನ್ನು ಮತ್ತೊಮ್ಮೆ ಓದಿ. ಬಿಡುವಿದ್ದರೆ ಬಂದಳಿಕೆಗೂ ಬನ್ನಿ.