ಪ್ಯಾಕೇಜಿಗೆ ಮೊದಲು ಪರೀಕ್ಷೆ

2024ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಪರೀಕ್ಷೆಯಲ್ಲಿ ರಾಜ್ಯಕ್ಕೇ ಮೊದಲು ಬಂದ ಹುಡುಗಿಯ ಫೋಟೊ ಪ್ರಕಟವಾದಾಗ, ಜಾಲತಾಣದ ಎಷ್ಟೋ ಮಂದಿಗೆ ಕಂಡದ್ದು ಆಕೆಯ ಅಂಕವಲ್ಲ, ಮೇಲ್ದುಟಿಯ ಕೂದಲು. ಇಂಥ ಗೇಲಿಯ ಭಯವೇ ಕೂದಲು ತೆಗೆಯುವ ಲೇಸರ್ ವ್ಯಾಪಾರದ ಬಂಡವಾಳ. ‘ಇಷ್ಟು ಸಿಟ್ಟಿಂಗ್, ಶಾಶ್ವತ ಪರಿಹಾರ’ ಎಂಬ ಜಾಹೀರಾತು ಈಗ ಸಣ್ಣ ಊರಿನ ಹುಡುಗಿಯರ ಮೊಬೈಲಿಗೂ ಬರುತ್ತದೆ. ಲೇಸರ್ ಒಳ್ಳೆಯ ಚಿಕಿತ್ಸೆಯೇ, ಅದರಲ್ಲಿ ತಕರಾರಿಲ್ಲ. ಆದರೆ ಕೂದಲು ಏಕೆ ಬಂತು ಎಂದು ಯಾರೂ ನೋಡದೆ ಅದನ್ನು ಸುಡಲು ಹೊರಡುವುದು ತಪ್ಪು.

ಹೆಂಗಸರ ಮುಖದಲ್ಲಿ ನವಿರಾದ ಕೂದಲು ಇರುವುದು ಸಹಜ. ಎಷ್ಟೋ ಮನೆತನಗಳಲ್ಲಿ ಅದು ಸ್ವಲ್ಪ ಹೆಚ್ಚೇ ಇರುತ್ತದೆ, ಅದು ಕಾಯಿಲೆಯಲ್ಲ. ಗದ್ದ, ಎದೆ, ಕಿಬ್ಬೊಟ್ಟೆಯಲ್ಲಿ ಗಂಡಸರಂತೆ ದಪ್ಪ ಕರಿಗೂದಲು ಬೆಳೆಯತೊಡಗಿದರೆ ಮಾತ್ರ ವಿಷಯ ಬೇರೆ. ಇದರ ಹಿಂದೆ ಸಾಮಾನ್ಯವಾಗಿ ಇರುವುದು ಪಿಸಿಓಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ. ಮಕ್ಕಳಾಗುವ ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಹತ್ತು ಮಂದಿಗೆ ಇದು ಇದೆಯೆಂದೂ, ಅವರಲ್ಲಿ ಶೇ 70ರವರೆಗೆ ರೋಗ ಪತ್ತೆಯೇ ಆಗಿರುವುದಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಮುಟ್ಟು ಏರುಪೇರಾಗುವುದು, ಗರ್ಭ ನಿಲ್ಲುವುದು ಕಷ್ಟವಾಗುವುದು, ಮುಂದೆ ಸಕ್ಕರೆ ಕಾಯಿಲೆ ಬರುವ ಸಾಧ್ಯತೆ, ಎಲ್ಲವೂ ಅದರ ಜೊತೆಗಿವೆ. ಕೆಲವು ಔಷಧಗಳಿಂದಲೂ ಕೂದಲು ಹೆಚ್ಚಬಹುದು. ಇನ್ನು ಕೆಲವೇ ತಿಂಗಳಲ್ಲಿ ಕೂದಲು ದಟ್ಟವಾಗಿ, ದನಿ ಗಡುಸಾಗಿ, ಮುಟ್ಟು ನಿಂತರೆ ಅಂಡಾಶಯದಲ್ಲೋ ಅಡ್ರಿನಲ್ ಗ್ರಂಥಿಯಲ್ಲೋ ಗೆಡ್ಡೆ ಇದೆಯೇ ಎಂದು ತಡಮಾಡದೆ ನೋಡಬೇಕು. ಅಂಥವರಿಗೆ ಮೊದಲು ಲೇಸರ್ ಹಿಡಿದರೆ, ದೇಹ ಕೊಟ್ಟ ಸುಳಿವನ್ನೇ ಅಳಿಸಿದಂತಾಗುತ್ತದೆ.

ಲೇಸರ್ ಕೆಲಸ ಮಾಡುವುದು ಕೂದಲ ಕಪ್ಪು ಬಣ್ಣವನ್ನು ನಂಬಿ. ಆ ಬಣ್ಣ ಕೊಡುವ ಮೆಲನಿನ್ ಬೆಳಕನ್ನು ಹೀರಿ ಕಾಯುತ್ತದೆ, ಆ ಬಿಸಿಗೆ ಕೂದಲ ಬುಡ ಬೇಯುತ್ತದೆ. ಈ ತತ್ವವನ್ನು ಅಮೆರಿಕದ ವೈದ್ಯರಾದ ರಾಕ್ಸ್ ಆ್ಯಂಡರ್ಸನ್ ಮತ್ತು ಜಾನ್ ಪ್ಯಾರಿಶ್ 1983ರಲ್ಲಿ ಮಂಡಿಸಿದರು. ಚಿಕಿತ್ಸೆಗೆ ಬರುವ ಮುನ್ನ ಶೇವ್ ಮಾಡಿಕೊಳ್ಳಬಹುದು, ವ್ಯಾಕ್ಸಿಂಗ್ ಕೂಡದು. ಬುಡಸಮೇತ ಕಿತ್ತರೆ ಬೆಳಕಿಗೆ ಗುರಿಯೇ ಇರುವುದಿಲ್ಲ. (ಶೇವ್ ಮಾಡಿದರೆ ಕೂದಲು ದಪ್ಪವಾಗುತ್ತದೆ ಎಂಬ ಮಾತು ಸುಳ್ಳೆಂದು 1928ರಷ್ಟು ಹಿಂದೆಯೇ ಅಳೆದು ತೋರಿಸಿದ್ದಾರೆ, ನಮ್ಮ ಮನೆಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ.) ನಮ್ಮಂಥ ಕಂದು ಚರ್ಮದಲ್ಲೂ ಅದೇ ಮೆಲನಿನ್ ಇರುವುದರಿಂದ, ಅಳತೆ ತಪ್ಪಿದರೆ ಚರ್ಮವೇ ಸುಟ್ಟು ಕಲೆ ಉಳಿಯುತ್ತದೆ. ಆಳಕ್ಕಿಳಿಯುವ 1064 ನ್ಯಾನೊಮೀಟರ್ ಲೇಸರ್ ನಮಗೆ ಹೆಚ್ಚು ಸುರಕ್ಷಿತ. ನೆರೆತ ಕೂದಲಿಗೆ ಯಾವ ಲೇಸರೂ ನಾಟುವುದಿಲ್ಲ. ಗದ್ದ, ಕತ್ತಿನ ಭಾಗದಲ್ಲಿ, ಅದರಲ್ಲೂ ಹಾರ್ಮೋನು ಏರುಪೇರಾದವರಲ್ಲಿ, ಲೇಸರ್ ನಂತರ ಕೂದಲು ಇನ್ನೂ ಹೆಚ್ಚಿದ ಉದಾಹರಣೆಗಳಿವೆ. ಹಾರ್ಮೋನು ಹತೋಟಿಗೆ ಬಾರದಿದ್ದರೆ ಹೊಸ ಕೂದಲು ಬರುತ್ತಲೇ ಇರುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕೂಡ ಇಂಥ ಯಂತ್ರಗಳಿಗೆ ಒಪ್ಪಿಗೆ ಕೊಟ್ಟಿರುವುದು ಕೂದಲು ದೀರ್ಘಕಾಲ ಕಡಿಮೆಯಾಗುತ್ತದೆ ಎಂಬಷ್ಟಕ್ಕೇ, ಪೂರ್ತಿ ಹೋಗುತ್ತದೆ ಎಂದಲ್ಲ.

ಹುಡುಗಿಯರು ಕೂದಲು ತೆಗೆಯಲೇಬೇಕೇ, ನೋಡುವ ಕಣ್ಣು ಬದಲಾಗಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ತನ್ನ ಮುಖದ ಬಗ್ಗೆ ತನಗೇ ಚಿಂತೆಯಿಲ್ಲದವಳನ್ನು ಅಮ್ಮನೋ ಅತ್ತೆಯೋ, ಮದುವೆ ಹತ್ತಿರ ಬಂತೆಂದು ಕ್ಲಿನಿಕ್ಕಿಗೆ ಎಳೆದೊಯ್ಯಬಾರದು. ಆದರೆ ದಿನವೂ ದುಪಟ್ಟಾದಲ್ಲಿ ಗದ್ದ ಮುಚ್ಚಿಕೊಂಡು ಕಾಲೇಜಿಗೆ ಹೋಗುವವಳಿಗೆ, ಸಮಾಜ ತಿದ್ದಿಕೊಳ್ಳುವವರೆಗೆ ಕಾಯಮ್ಮ ಎನ್ನುವುದು ನಿರ್ದಯ. ಪಿಸಿಓಎಸ್ ಇರುವ ಹೆಂಗಸರ ಮುಖಕ್ಕೆ ಸರಿಯಾಗಿ ಲೇಸರ್ ಕೊಟ್ಟಾಗ ಖಿನ್ನತೆ, ಆತಂಕ ಕಡಿಮೆಯಾದದ್ದನ್ನು ಬ್ರಿಟನ್ನಿನ ಅಧ್ಯಯನವೊಂದು 2005ರಲ್ಲೇ ದಾಖಲಿಸಿದೆ. ಅದನ್ನು ಬರೀ ಶೋಕಿ ಎನ್ನಲಾಗದು. ವೈದ್ಯರು, ರಕ್ತಪರೀಕ್ಷೆ, ಸ್ಕ್ಯಾನಿಂಗ್ ಎಂದರೆ ಇನ್ನಷ್ಟು ಖರ್ಚು ಎಂಬ ಆಕ್ಷೇಪವೂ ಇದೆ. ಎಲ್ಲರಿಗೂ ಎಲ್ಲ ಪರೀಕ್ಷೆ ಬೇಕಿಲ್ಲ. ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ಮತ್ತು ಸ್ತ್ರೀರೋಗ ವಿಭಾಗಗಳಿವೆ, ಮೊದಲು ಅಲ್ಲಿ ತೋರಿಸಬಹುದು. ಆಮೇಲೆ ಲೇಸರ್ ಬೇಕೆನಿಸಿದರೆ ಯಂತ್ರ ಯಾವುದು, ಅದನ್ನು ಹಿಡಿಯುವವರು ಯಾರು ಎಂದು ಕೇಳಿ. ಮುಟ್ಟಿನ ಬಗ್ಗೆ ಒಂದು ಮಾತೂ ವಿಚಾರಿಸದೆ ಪ್ಯಾಕೇಜಿನ ದರ ಹೇಳುವ ಕಡೆ ಹಣ ಕಟ್ಟಬೇಡಿ.